ನಾಯಿಗೊಂದು ಪಂಚಮಿ ಉಂಡಿ

ಮಿರಜದಿಂದ ಪಂಢರಪುರದ ಕಡೆಗೆ ಹೊರಟ ರೈಲು ಆರಗ, ಬೆಳಂಕಿ ದಾಟಿ ಸಲಗರೆಗೆ ಬರುತ್ತದೆ. ಮಿರಜ ತಾಲ್ಲೂಕಿನ ಮೂಡಣ ಅಂಚಿನ ಈ ಸೀಮೆಯಲ್ಲಿ ಒಂದು ಓಣಿಯಲ್ಲಿ ಕನ್ನಡ ಕೇಳಿಸಿದರೆ ಮುಂದಿನ ಓಣಿಯಲ್ಲಿ ಮರಾಠಿ. ಕೆಲವರು ರೊಟ್ಟಿ ಎನ್ನುತ್ತಾರೆ, ಕೆಲವರು ಭಾಕರಿ ಎನ್ನುತ್ತಾರೆ. ಅಂಗಳದ ನಾಯಿಗೆ ಬೀಳುವುದು ಮಾತ್ರ ಎರಡೂ ಕಡೆ ಅದೇ, ಹಿಂಗಾರಿ ಬಿಳಿಜೋಳದ ರೊಟ್ಟಿಯ ತುಣುಕು. ಹಾಲಿನಲ್ಲಿ ಅದ್ದಿ ಕೊಟ್ಟರೆ ಅದರ ಪುಣ್ಯ, ಒಣದಾಗಿ ಎಸೆದರೂ ಬೇಸರವಿಲ್ಲ. ಹೀಗೆ ತಿಂದುಕೊಂಡೇ ಹತ್ತು ವರ್ಷ ದಾಟಿದ ನಾಯಿಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ಅದೇ ನಾಯಿ ಅಡುಗೆಮನೆಗೆ ನುಗ್ಗಿ ಪರಾತದಲ್ಲಿದ್ದ ಜೋಳದ ಹಿಟ್ಟನ್ನು ಮುಕ್ಕಿದರೆ ಕತೆ ಬೇರೆ. ಹೊಟ್ಟೆ ಉಬ್ಬರಿಸುತ್ತದೆ, ಮರುದಿನ ಭೇದಿ. ಹಸಿ ಹಿಟ್ಟು ನಾಯಿಗೆ ಹಾಕಬಾರದೆಂದು ಅಜ್ಜಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಜೋಳ ಅದೇ, ನಾಯಿ ಅದೇ. ರೊಟ್ಟಿಯಾದಾಗ ಅರಗುವ ಕಾಳು ಹಿಟ್ಟಾಗಿದ್ದಾಗ ಏಕೆ ಅರಗುವುದಿಲ್ಲ?

ಈ ಹಳೆಯ ಪ್ರಶ್ನೆಗೆ ಈಗ ಹೊಸ ಮಹತ್ವ ಬಂದಿದೆ. ಸಾಂಗಲಿ, ಪುಣೆ, ಬೆಂಗಳೂರುಗಳ ಫ್ಲ್ಯಾಟುಗಳಲ್ಲಿ ನಾಯಿ ಸಾಕಿದವರು ಪ್ಯಾಕೆಟ್ಟಿನ ಬಿಸ್ಕಿಟ್ ಬಿಟ್ಟು ಮನೆಯಲ್ಲೇ ತಿನಿಸು ಮಾಡಲು ಹೊರಟಿದ್ದಾರೆ. ಓವನ್ ಎಲ್ಲರ ಮನೆಯಲ್ಲಿಲ್ಲ. ಹಾಗಾಗಿ ಬೇಕ್ ಮಾಡದೆ ಕಲಸಿ, ಉಂಡೆ ಕಟ್ಟಿ, ಫ್ರಿಜ್ಜಿನಲ್ಲಿಟ್ಟು ಕೊಡುವ ತಿನಿಸುಗಳಿಗೆ ಬೇಡಿಕೆ ಹೆಚ್ಚು. ಇಂಥವನ್ನು ಮಾಡುವುದು ಸುಲಭ. ಒಂದನ್ನು ತಿಳಿದುಕೊಂಡು ಮಾಡಿದರೆ ಸಾಕು: ಬೇಕ್ ಮಾಡದಿರುವುದು ಬೇರೆ, ಬೇಯಿಸದಿರುವುದು ಬೇರೆ.

ಬಿಸ್ಕಿಟ್ ಬಂದ ದಾರಿ

ನಾಯಿಯ ತಿನಿಸೆಂದರೆ ಬಿಸ್ಕಿಟ್ಟೇ ಎಂಬ ಕಲ್ಪನೆ ತೀರ ಹಳೆಯದಲ್ಲ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು 1860ರ ದಶಕದಲ್ಲಿ ಲಂಡನ್ನಿನಲ್ಲಿ ನಾಯಿಗೆಂದೇ ಬಿಸ್ಕಿಟ್ ಮಾಡಿ ಮಾರಲು ಶುರುಮಾಡಿದ. ಸಿಡಿಲು ತಡೆಯುವ ಸಲಾಕೆ ಮಾರಲು ಬಂದಿದ್ದವನು, ಬಂದರಿನಲ್ಲಿ ಹಡಗಿನವರು ಎಸೆದ ಗಟ್ಟಿ ಬಿಸ್ಕಿಟ್ಟಿಗೆ ನಾಯಿಗಳು ಮುಗಿಬೀಳುವುದನ್ನು ಕಂಡು ಈ ವ್ಯಾಪಾರಕ್ಕೆ ಇಳಿದನೆಂಬ ಕತೆಯಿದೆ. ಹಡಗಿನ ಬಿಸ್ಕಿಟ್ಟನ್ನು ಒಲೆಗೆ ಇಡುತ್ತಿದ್ದದ್ದು ತಿಂಗಳುಗಟ್ಟಲೆ ಕೆಡದಂತೆ ಒಣಗಿಸಲು. ರುಚಿ, ಜೀರ್ಣಶಕ್ತಿ ಅಲ್ಲಿ ಎರಡನೆಯ ಮಾತು.

ಇದನ್ನು ಎತ್ತಿ ಹೇಳಲು ಕಾರಣವಿದೆ. ಬಿಸ್ಕಿಟ್ಟಿನ ಕಣಕದಲ್ಲಿ ನೀರು ಬಹಳ ಕಡಿಮೆ. ನೀರಿಲ್ಲದೆ ಒಲೆಯಲ್ಲಿ ಎಷ್ಟು ಕಾಯಿಸಿದರೂ ಹಿಟ್ಟಿನ ಒಳಭಾಗ ಪೂರ್ತಿ ಬೇಯುವುದಿಲ್ಲ. ಮೇಲೆ ಕೆಂಪಗೆ ಗರಿಗರಿಯಾದ ಬಿಸ್ಕಿಟ್ಟಿನಲ್ಲಿಯೂ ಪಿಷ್ಟದ ಬಹಳಷ್ಟು ಕಣಗಳು ಹಸಿ ಹಿಟ್ಟಿನಲ್ಲಿದ್ದಂತೆಯೇ ಉಳಿದಿರುತ್ತವೆ. ಓವನ್ ಇಲ್ಲವೆಂದು ಕೊರಗುವವರು ಕಳೆದುಕೊಂಡದ್ದು ಹೆಚ್ಚೇನಿಲ್ಲ.

ಕಾಳಿನೊಳಗಿನ ಬಣವೆ

ಜೋಳದ ಕಾಳಿನ ಸುಮಾರು ಮುಕ್ಕಾಲು ಪಾಲು ಪಿಷ್ಟ. ಪಿಷ್ಟವೆಂದರೆ ಸಕ್ಕರೆಯ ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ಆದ ಉದ್ದನೆಯ ಎಳೆ. ಗಿಡ ಈ ಎಳೆಗಳನ್ನು ಮುಂದಿನ ಪೀಳಿಗೆಗೆಂದು ಕಾಳಿನಲ್ಲಿ ಕೂಡಿಡುತ್ತದೆ, ಅದೂ ಒತ್ತೊತ್ತಾಗಿ, ಪದರದ ಮೇಲೆ ಪದರ ಹೊಂದಿಸಿ. ಹೀಗೆ ಹೊಂದಿಸಿಟ್ಟ ಒಂದೊಂದು ಸೂಕ್ಷ್ಮ ಮುದ್ದೆಯೂ ಒಂದು ಪಿಷ್ಟಕಣ. ನಮ್ಮ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕಣಿಕೆಯನ್ನು ಬಣವೆ ಒಟ್ಟುತ್ತೇವಲ್ಲ, ಪಿಷ್ಟಕಣವೂ ಹಾಗೆಯೇ. ಚೆನ್ನಾಗಿ ಒಟ್ಟಿದ ಬಣವೆಗೆ ದನ ಬಾಯಿ ಹಾಕಿದರೆ ಅಂಚಿನ ನಾಲ್ಕು ಕಡ್ಡಿ ಸಿಕ್ಕಾವು, ಒಳಗಿನದು ಸಿಗುವುದಿಲ್ಲ. ಕಟ್ಟು ಬಿಚ್ಚಿ ಹರವಿದರೆ ಅದೇ ದನ ಅಷ್ಟನ್ನೂ ಮೇಯುತ್ತದೆ.

ಹೊಟ್ಟೆಯಲ್ಲಿ ದನದ ಜಾಗದಲ್ಲಿ ಇರುವುದು ಅಮೈಲೇಸ್ ಎಂಬ ಕಿಣ್ವ. ಪಿಷ್ಟದ ಎಳೆಯನ್ನು ಕತ್ತರಿಸಿ ಸಕ್ಕರೆಯ ತುಣುಕು ಮಾಡುವುದು ಅದರ ಕೆಲಸ. ಹಸಿ ಹಿಟ್ಟಿನ ಕಣಗಳು ಬಿಗಿಯಾಗಿರುವುದರಿಂದ ಅಮೈಲೇಸ್ ಅಂಚನ್ನಷ್ಟೇ ಕೆರೆಯಬಲ್ಲದು. ಸಣ್ಣ ಕರುಳಿನಲ್ಲಿ ಅದಕ್ಕೆ ಸಿಗುವ ಸಮಯವೂ ಕೆಲವೇ ಗಂಟೆ. ಉಳಿದದ್ದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಗಾಳಿ ಎಬ್ಬಿಸುತ್ತವೆ. ನಾಯಿಯ ಹೊಟ್ಟೆ ಉಬ್ಬರಿಸುವುದೂ ಮರುದಿನ ಭೇದಿಯಾಗುವುದೂ ಇದರಿಂದ.

ಕಟ್ಟು ಬಿಚ್ಚಲು ಎರಡು ಬೇಕು, ಬಿಸಿ ಮತ್ತು ನೀರು. ಬಿಸಿಗೆ ಎಳೆಗಳು ಸಡಿಲಗೊಳ್ಳುತ್ತವೆ. ಸಡಿಲಾದ ಸಂದಿಯಲ್ಲಿ ನೀರು ನುಗ್ಗುತ್ತದೆ. ಕಣ ಉಬ್ಬುತ್ತದೆ, ಒಡೆಯುತ್ತದೆ, ಎಳೆಗಳು ನೀರಿನಲ್ಲಿ ಹರಡಿ ಅಂಟಾಗುತ್ತವೆ. ಗಂಜಿ ಗಟ್ಟಿಯಾಗುವುದು ಇದೇ ಕಾರಣಕ್ಕೆ. ವಿಜ್ಞಾನಿಗಳು ಜೆಲಟಿನೈಸೇಶನ್ ಎನ್ನುವ ಇದನ್ನು ನಾವು ಪಿಷ್ಟ ಅರಳುವುದು ಎಂದು ಕರೆಯೋಣ. ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅರಳತೊಡಗುತ್ತದೆ. ಜೋಳದ್ದು ತುಸು ಹಟಮಾರಿ, ಅದಕ್ಕೆ 70 ಡಿಗ್ರಿಯ ಮೇಲೆ ಬೇಕು. ಸೂಕ್ಷ್ಮದರ್ಶಕದಲ್ಲಿ ಧ್ರುವೀಕರಿಸಿದ ಬೆಳಕು ಹಾಯಿಸಿ ನೋಡಿದರೆ ಹಸಿ ಪಿಷ್ಟಕಣದ ಮೇಲೆ ಶಿಲುಬೆಯಂಥ ಗುರುತು ಕಾಣುತ್ತದೆ. ಕಣ ಅರಳಿದ ಕ್ಷಣ ಆ ಗುರುತು ಅಳಿಸಿಹೋಗುತ್ತದೆ. ಬೆಂದಿತೋ ಇಲ್ಲವೋ ಎಂದು ಪ್ರಯೋಗಶಾಲೆಯವರು ತೀರ್ಮಾನಿಸುವ ಒಂದು ಬಗೆ ಇದು.

ಎಸರು ಏಕೆ ಕುದಿಯಬೇಕು

ಜೋಳದ ರೊಟ್ಟಿ ಬಡಿಯುವವರಿಗೆ ಇದೆಲ್ಲ ಕೈಯಲ್ಲೇ ಗೊತ್ತು. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಬಹುದು, ಏಕೆಂದರೆ ಅದರಲ್ಲಿ ಜಿಗುಟಾಗುವ ಗ್ಲೂಟೆನ್ ಎಂಬ ಪ್ರೋಟೀನು ಇದೆ. ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ನಾದಿದ ಜೋಳದ ಹಿಟ್ಟು ಬಡಿಯುವಾಗಲೇ ಹರಿದುಹೋಗುತ್ತದೆ. ಅದಕ್ಕೇ ಎಸರು ಕುದಿಸಿ ಹಿಟ್ಟಿನ ನಡುವೆ ಸುರಿಯುತ್ತಾರೆ. ಕುದಿನೀರು ತಾಕಿದ ಭಾಗದ ಪಿಷ್ಟ ಅಲ್ಲೇ ಅರಳಿ ಅಂಟಾಗಿ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಆಮೇಲೆ ಬಡಿದು, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರುತ್ತಾರೆ. ಉಳಿದ ಪಿಷ್ಟ ಆ ನೀರಿನ ಹಬೆಯಲ್ಲಿ ಅರಳುತ್ತದೆ. ನೀರು, ಬಿಸಿ, ಮತ್ತೆ ನೀರು, ಮತ್ತೆ ಬಿಸಿ. ನಾಯಿಯ ಹೊಟ್ಟೆಯ ದೃಷ್ಟಿಯಿಂದ ನೋಡಿದರೆ ಓವನ್ನಿನ ಬಿಸ್ಕಿಟ್ಟಿಗಿಂತ ಹಂಚಿನ ರೊಟ್ಟಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಂಗಳು ರೊಟ್ಟಿಯ ಬಗ್ಗೆ ಒಂದು ಮಾತು. ಆರಿದ ರೊಟ್ಟಿ ಬಿರುಸಾಗುವುದು ನೀರು ಆರಿದ್ದಕ್ಕಷ್ಟೇ ಅಲ್ಲ. ಹರಡಿದ್ದ ಪಿಷ್ಟದ ಎಳೆಗಳು ತಣ್ಣಗಾಗುತ್ತ ಮತ್ತೆ ಒಂದಕ್ಕೊಂದು ತಬ್ಬಿಕೊಳ್ಳುತ್ತವೆ. ಇದು ಮರುಬಿಗಿತ. ಮರುಬಿಗಿದ ಪಿಷ್ಟದ ಒಂದು ಪಾಲು ಜೀರ್ಣವಾಗದೆ ಉಳಿಯುತ್ತದೆಂಬುದು ನಿಜ, ಆದರೆ ಅದು ಹಸಿ ಹಿಟ್ಟಿನ ಸ್ಥಿತಿಗೆ ಎಂದೂ ಮರಳುವುದಿಲ್ಲ. ನಾಯಿಗೆ ತಂಗಳು ರೊಟ್ಟಿ ಹಾಕುವುದರಲ್ಲಿ ತಪ್ಪಿಲ್ಲ, ಬೂಸ್ಟು ಬಂದಿರಬಾರದು ಅಷ್ಟೆ. ವಾರಗಟ್ಟಲೆ ಡಬ್ಬಿಯಲ್ಲಿ ಉಳಿಯುವ ಕಟಕ ರೊಟ್ಟಿಯಂತೂ, ಉಪ್ಪು ಹಾಕದೆ ಮಾಡಿದ್ದಾದರೆ, ಓವನ್ ಕಾಣದ ನಾಯಿ ಬಿಸ್ಕಿಟ್ಟೇ ಸರಿ.

ಅಳ್ಳು ತನ್ನ ನೀರಿನಲ್ಲೇ ಬೇಯುತ್ತದೆ

ನಾಗರ ಪಂಚಮಿ ಹತ್ತಿರ ಬಂತೆಂದರೆ ಕೃಷ್ಣಾ ತೀರದ ಎರಡೂ ಬದಿಯ ಹಳ್ಳಿಗಳಲ್ಲಿ ಅಳ್ಳು ಹುರಿಯುವ ಗದ್ದಲ. ಅಳ್ಳಿನ ಜೋಳವೇ ಬೇರೆ. ಅದನ್ನು ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟು, ಬಳಿಕ ಕಾದ ಬಾಣಲೆಗೆ ಹಾಕುತ್ತಾರೆ. ಕಾಳು ಪಟಪಟನೆ ಸಿಡಿದು ಮಲ್ಲಿಗೆಯಂತೆ ಅರಳುತ್ತದೆ. ಅಳ್ಳನ್ನು ಬೀಸಿ ಬೆಲ್ಲ ಬೆರೆಸಿದರೆ ಅಳ್ಳಿಟ್ಟು. ಹಳೆ ಮೈಸೂರು ಕಡೆ ಇದೇ ಬುದ್ಧಿಯಿಂದ ರಾಗಿಯನ್ನು ಹುರಿದು ಹುರಿಹಿಟ್ಟು ಮಾಡುತ್ತಾರೆ.

ಬಾಣಲೆಗೆ ನೀರೇ ಹಾಕಿಲ್ಲ, ಹಾಗಾದರೆ ಪಿಷ್ಟ ಅರಳಿದ್ದು ಹೇಗೆ? ನೀರು ಕಾಳಿನೊಳಗೇ ಇತ್ತು. ಕಾಳಿನ ತೂಕದ ಏಳನೆಯ ಒಂದು ಪಾಲಿನಷ್ಟು ತೇವ ಒಳಗಿರುತ್ತದೆ. ಹೊರಗಿನ ಸಿಪ್ಪೆ ಗಟ್ಟಿಯಾಗಿದ್ದರೆ ಕಾದ ನೀರಿಗೆ ಹಬೆಯಾಗಿ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಒತ್ತಡ ಏರುತ್ತ ಹೋಗುತ್ತದೆ. ಮೆಕ್ಕೆಜೋಳದ ಪಾಪ್‌ಕಾರ್ನ್ ಮೇಲೆ ಫ್ರಾನ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸಿಡಿಯುವ ತಾಪಮಾನ ಸುಮಾರು 180 ಡಿಗ್ರಿ. ಆ ಹೊತ್ತಿಗೆ ಕಾಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಒಂಬತ್ತು ಹತ್ತು ಪಟ್ಟು ಆಗಿರುತ್ತದೆ. ಆ ಒತ್ತಡದಲ್ಲಿ, ಆ ಬಿಸಿಯಲ್ಲಿ, ಕಾಳಿನ ಪಿಷ್ಟ ತನ್ನದೇ ತೇವದಲ್ಲಿ ಕರಗಿ ಪಾಕವಾಗಿರುತ್ತದೆ. ಸಿಪ್ಪೆ ಸೀಳಿದೊಡನೆ ಒತ್ತಡ ಇಳಿಯುತ್ತದೆ, ನೀರು ಹಬೆಯಾಗಿ ಹಾರುತ್ತದೆ, ಪಾಕ ನೊರೆಯಾಗಿ ಉಬ್ಬಿ ಉಬ್ಬಿದಲ್ಲೇ ಒಣಗುತ್ತದೆ. ಜೋಳದ ಅಳ್ಳಿನಲ್ಲೂ ನಡೆಯುವುದು ಇದೇ.

ಇಲ್ಲಿಂದ ಅಡುಗೆಮನೆಗೆ ಉಪಯೋಗವಾಗುವ ಒಂದು ಸಂಗತಿ ಹೊರಡುತ್ತದೆ, ಬಹಳ ಮಂದಿ ಇದರಲ್ಲಿ ಎಡವುತ್ತಾರೆ. ಜೋಳದ ಹಿಟ್ಟನ್ನು ಬಾಣಲೆಯಲ್ಲಿ ಘಮ್ಮೆನ್ನುವಂತೆ ಹುರಿದರೆ ಅದು ಬೆಂದಂತಲ್ಲ. ಹಿಟ್ಟಿನ ತೇವವನ್ನು ಹಿಡಿದಿಡಲು ಸಿಪ್ಪೆಯಿಲ್ಲ. ಬಿಸಿಯಾದೊಡನೆ ಹಬೆ ಹೊರಟುಹೋಗುತ್ತದೆ, ಪಿಷ್ಟಕಣಗಳು ಒಣಗಿಕೊಂಡು ಹಾಗೇ ಬಿಗಿಯಾಗಿ ಕೂರುತ್ತವೆ. ಪರಿಮಳ ಬಂದಿದೆ, ಕಟ್ಟು ಬಿಚ್ಚಿಲ್ಲ. ಹುರಿದದ್ದರಿಂದ ಹಿಟ್ಟಿನಲ್ಲಿದ್ದ ರೋಗಾಣುಗಳು ಬಹುಮಟ್ಟಿಗೆ ಸತ್ತಿರಬಹುದು, ಅದೊಂದು ಲಾಭ. ಪರೀಕ್ಷೆ ಸುಲಭ: ಒಂದು ಬಟ್ಟಲು ತಣ್ಣೀರಿಗೆ ಒಂದು ಚಮಚ ಹುರಿದ ಹಿಟ್ಟು, ಇನ್ನೊಂದಕ್ಕೆ ಒಂದು ಚಮಚ ಅಳ್ಳಿನ ಹಿಟ್ಟು ಹಾಕಿ ಕಲಕಿ ಬಿಡಿ. ಹುರಿದ ಹಿಟ್ಟು ಸ್ವಲ್ಪ ಹೊತ್ತಿಗೆ ತಳಕ್ಕೆ ಕೂರುತ್ತದೆ. ಅಳ್ಳಿನ ಹಿಟ್ಟು ತಣ್ಣೀರಿನಲ್ಲೇ ನೀರು ಕುಡಿದು ಗಂಜಿಯಾಗಿ ದಪ್ಪವಾಗುತ್ತದೆ. ಮೊದಲೇ ಅರಳಿದ ಪಿಷ್ಟಕ್ಕೆ ಎರಡನೆಯ ಬೆಂಕಿ ಬೇಕಿಲ್ಲ.

ಅಂಗಡಿಯಲ್ಲಿ ಸಿಗುವ ನಾಯಿಯ ಒಣ ಆಹಾರದ ಗುಳಿಗೆಗಳೂ ಹೆಚ್ಚಿನವು ಬೇಕ್ ಮಾಡಿದವಲ್ಲ. 1950ರ ದಶಕದಿಂದ ಈಚೆಗೆ ಅವನ್ನು ಎಕ್ಸ್‌ಟ್ರೂಡರ್ ಎಂಬ ಯಂತ್ರದಲ್ಲಿ ಮಾಡುತ್ತಾರೆ. ಒದ್ದೆ ಹಿಟ್ಟನ್ನು ಕೊಳವೆಯೊಳಗೆ ತಿರುಚಿ ಒತ್ತಿ, ಬಿಸಿ ಏರಿಸಿ, ಸಣ್ಣ ರಂಧ್ರದಿಂದ ಹೊರಗೆ ಬಿಡುವುದು. ಹೊರಬಂದೊಡನೆ ಒತ್ತಡ ಇಳಿದು ತುಣುಕು ಉಬ್ಬುತ್ತದೆ. ಬಾಣಲೆಯಲ್ಲಿ ಅಳ್ಳು ಮಾಡುವುದನ್ನೇ ಕಾರ್ಖಾನೆಯವರು ಕಬ್ಬಿಣದ ಕೊಳವೆಯಲ್ಲಿ ಮಾಡುತ್ತಿದ್ದಾರೆ. ಹೀಗೆ ಬೆಂದ ಧಾನ್ಯದ ಪಿಷ್ಟದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲನ್ನು ನಾಯಿ ಜೀರ್ಣಿಸಿಕೊಳ್ಳುತ್ತದೆಂದು ಮತ್ತೆ ಮತ್ತೆ ಅಳೆದು ನೋಡಲಾಗಿದೆ.

ತೋಳನಿಗಿಲ್ಲದ್ದು

ಕಟ್ಟು ಬಿಚ್ಚಿದ ಮೇಲೂ ಮೇಯಲು ದನ ಬೇಕು. ನಾಯಿ ತೋಳದ ವಂಶದ್ದು, ತೋಳ ಮಾಂಸ ತಿನ್ನುವ ಪ್ರಾಣಿ. ಮನುಷ್ಯರ ಜೊಲ್ಲಿನಲ್ಲೇ ಅಮೈಲೇಸ್ ಇದೆ. ನಾವು ರೊಟ್ಟಿ ಅಗಿಯುತ್ತ ಹೋದರೆ ಬಾಯಲ್ಲೇ ಸಿಹಿಯಾಗುವುದು ಅದರಿಂದ. ನಾಯಿಯ ಜೊಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದು ರೊಟ್ಟಿಯನ್ನು ಅಗಿಯದೆ ಗುಳುಂ ಮಾಡಿದರೆ ಬೈಯಬೇಕಿಲ್ಲ, ಅಗಿದು ಅದಕ್ಕೆ ಲಾಭವಿಲ್ಲ. ಅದರ ಅಮೈಲೇಸ್ ಬರುವುದು ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯಿಂದ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 12 ತೋಳಗಳ ಮತ್ತು 14 ತಳಿಗಳ 60 ನಾಯಿಗಳ ವಂಶವಾಹಿಗಳನ್ನು ಹೋಲಿಸಿ 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೇದೋಜೀರಕದ ಅಮೈಲೇಸ್ ತಯಾರಿಸುವ ವಂಶವಾಹಿಯ ಎರಡೇ ಪ್ರತಿಗಳು ತೋಳದಲ್ಲಿದ್ದವು, ತಾಯಿಯಿಂದ ಒಂದು, ತಂದೆಯಿಂದ ಒಂದು. ನಾಯಿಗಳಲ್ಲಿ ಅದೇ ವಂಶವಾಹಿಯ 4ರಿಂದ 30 ಪ್ರತಿಗಳು ಸಿಕ್ಕವು. ಗ್ರಂಥಿಯಲ್ಲಿ ಆ ವಂಶವಾಹಿಯ ಚಟುವಟಿಕೆ ತೋಳಕ್ಕಿಂತ 28 ಪಟ್ಟು ಹೆಚ್ಚು. ಪಿಷ್ಟದಿಂದ ಬಂದ ಸಕ್ಕರೆಯನ್ನು ಕೊನೆಯ ಹಂತದಲ್ಲಿ ಒಡೆಯುವ, ಕರುಳಿನಿಂದ ಹೀರುವ ವಂಶವಾಹಿಗಳೂ ಬದಲಾಗಿದ್ದವು.

ಇದರ ಅರ್ಥ ಇಷ್ಟು. ಬೇಸಾಯ ಶುರುಮಾಡಿದ ಮನುಷ್ಯರ ಬೀಡಿನ ಸುತ್ತ ಸುಳಿದಾಡಿದ ನಾಯಿಗಳಿಗೆ ಸಿಕ್ಕಿದ್ದು ಗಂಜಿ, ರೊಟ್ಟಿಯ ಚೂರು, ಪಾತ್ರೆಯ ತಳ. ಆ ಊಟದಿಂದ ಹೆಚ್ಚು ಶಕ್ತಿ ಪಡೆದವು ಹೆಚ್ಚು ಮರಿ ಹಾಕಿದವು. ಯುರೋಪಿನಲ್ಲಿ ಸಿಕ್ಕ ಸುಮಾರು 7000 ವರ್ಷ ಹಿಂದಿನ ನಾಯಿಯ ಮೂಳೆಗಳಲ್ಲೇ ಈ ಹೆಚ್ಚುವರಿ ಪ್ರತಿಗಳು ಕಂಡಿವೆ. ಬೇಸಾಯ ಮುಟ್ಟದ ಆಸ್ಟ್ರೇಲಿಯಾದ ಡಿಂಗೊ ನಾಯಿಯಲ್ಲಿ ಇಂದಿಗೂ ಎರಡೇ ಪ್ರತಿ. ಹಿಮದ ನಾಡಿನ ಗಾಡಿ ಎಳೆಯುವ ನಾಯಿಗಳಲ್ಲೂ ಕಡಿಮೆ. ನೆನಪಿಡಬೇಕಾದದ್ದು, ಆ ಎಂಜಲೆಲ್ಲ ಬೆಂದ ಎಂಜಲು. ಮನುಷ್ಯರು ಬೆಂಕಿ ಮತ್ತು ನೀರಿನಿಂದ ಕಟ್ಟು ಬಿಚ್ಚಿಟ್ಟದ್ದನ್ನು ಮೇಯಲು ನಾಯಿಯ ಹೊಟ್ಟೆ ಸಜ್ಜಾಯಿತೇ ಹೊರತು ಹಸಿ ಕಾಳಿಗಲ್ಲ. ಬೇಯಿಸುವ ಕೆಲಸ ನಮ್ಮ ಪಾಲಿಗೇ ಉಳಿಯಿತು.

ಮುಧೋಳ ನಾಯಿಯನ್ನು ನೋಡಿ. ಮರಾಠಿಯವರು ಕಾರವಾನ ಎನ್ನುವ ಈ ಬೇಟೆನಾಯಿಯ ಚಿತ್ರವನ್ನು ಅಂಚೆ ಇಲಾಖೆ 2005ರಲ್ಲಿ ಚೀಟಿಯ ಮೇಲೆ ಅಚ್ಚು ಹಾಕಿತು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೆಂದೇ ಕೇಂದ್ರ ನಡೆಸುತ್ತಿದೆ. ಗಾಳಿಯಂತೆ ಓಡುವ ಇದನ್ನು ರೈತರು ಸಾಕಿದ್ದು ಜೋಳ, ಮೆಕ್ಕೆಜೋಳದ ಗಂಜಿ ಮತ್ತು ಹಾಲಿನ ಮೇಲೆ. ಹಾಗೆಂದು ಗಂಜಿಯೊಂದೇ ಸಾಕೆಂದು ಯಾರೂ ತಿಳಿಯಬಾರದು. ಪಿಷ್ಟದಿಂದ ಶಕ್ತಿ ಸಿಗುತ್ತದೆ, ಮಾಂಸಖಂಡ ಕಟ್ಟಲು ಬೇಕಾದ ಪ್ರೋಟೀನು ಮೊಟ್ಟೆ, ಮಾಂಸ, ಹಾಲು, ಬೇಳೆಯಿಂದಲೇ ಬರಬೇಕು.

ಉಂಡಿ ಕಟ್ಟುವುದು

ಪಂಚಮಿಗೆ ನಮ್ಮ ಕಡೆ ಶೇಂಗಾ ಉಂಡಿ, ಎಳ್ಳಿನ ಉಂಡಿ, ಪುಟಾಣಿ ಹಿಟ್ಟಿನ ಉಂಡಿ, ಅಳ್ಳಿಟ್ಟಿನ ಉಂಡಿ. ಇವುಗಳಲ್ಲಿ ಯಾವುದನ್ನೂ ಯಾರೂ ಓವನ್ನಿನಲ್ಲಿ ಇಟ್ಟವರಲ್ಲ. ಬೆಂದದ್ದನ್ನು, ಹುರಿದದ್ದನ್ನು, ಅರಳಿದ್ದನ್ನು ಪುಡಿ ಮಾಡಿ ಅಂಟಿನಿಂದ ಹಿಡಿದಿಡುವುದೇ ಉಂಡಿಯ ಗುಟ್ಟು. ನಾಯಿಯ ಉಂಡಿಗೂ ಅದೇ ದಾರಿ. ಬೆಲ್ಲದ ಪಾಕದ ಬದಲು ಬೇಯಿಸಿ ಹಿಸುಕಿದ ಗೆಣಸನ್ನೋ ಕುಂಬಳಕಾಯನ್ನೋ ಹಾಕಿದರೆ ಆಯಿತು.

ಎರಡು ಬಟ್ಟಲು ಜೋಳದ ಅಳ್ಳಿನ ಹಿಟ್ಟು, ಒಂದು ಬಟ್ಟಲು ಬೇಯಿಸಿದ ಗೆಣಸು, ಕಾಲು ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾದ ಪುಡಿ. ಕಲಸಿ, ಮುದ್ದೆ ಬಿಗಿಯಾದರೆ ಒಂದೆರಡು ಚಮಚ ಸಪ್ಪೆ ಮೊಸರು ಸೇರಿಸಿ, ಗೋಲಿ ಗಾತ್ರದ ಉಂಡಿ ಕಟ್ಟಿ. ಅಳ್ಳು ಸಿಗದಿದ್ದರೆ ಕಟಕ ರೊಟ್ಟಿಯ ಪುಡಿ, ಸಪ್ಪೆ ಚುರುಮುರಿಯ ಪುಡಿ, ಪುಟಾಣಿ ಹಿಟ್ಟು ಯಾವುದಾದರೂ ನಡೆಯುತ್ತದೆ. ಪುಟಾಣಿಯನ್ನು ನೆನೆಸಿಯೇ ಹುರಿದಿರುತ್ತಾರೆ. ಹಸಿ ಜೋಳದ ಹಿಟ್ಟೊಂದೇ ಇದ್ದರೆ ರೊಟ್ಟಿಗೆ ಮಾಡುವಂತೆ ಎಸರಿನಲ್ಲಿ ಹಾಕಿ, ಮುಚ್ಚಿ, ಮುದ್ದೆಯಂತೆ ಹಬೆಯಲ್ಲಿ ಬೇಯಿಸಿಕೊಳ್ಳಬೇಕು. ಹಸಿಯಾಗಿಯೇ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಬೇಯುವುದಿಲ್ಲ. ತಂಪು ಹಿಟ್ಟಿನ ಕಟ್ಟನ್ನು ಬಿಚ್ಚಲಾರದು.

ಇಂಥ ಉಂಡಿಯಲ್ಲಿ ತೇವ ಹೆಚ್ಚು. ಬೂಸ್ಟಿಗೆ ತೇವವೆಂದರೆ ಹಬ್ಬ. ಫ್ರಿಜ್ಜಿನಲ್ಲಿ ಮೂರು ದಿನದ ಮೇಲೆ ಇಡಬೇಡಿ. ಹೆಚ್ಚು ದಿನ ಬೇಕಿದ್ದರೆ ಹಿಮಗೂಡಿನಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ. ಶೇಂಗಾ ಆರಿಸುವಾಗ ಕಣ್ಣು ಚುರುಕಾಗಿರಲಿ. ಮುಗ್ಗಲು ಹಿಡಿದ ಶೇಂಗಾದಲ್ಲಿ, ಮೆಕ್ಕೆಜೋಳದಲ್ಲಿ ಒಂದು ಬಗೆಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ನಾಯಿಯ ಯಕೃತ್ತಿಗೆ ಅದು ಬಹಳ ಬೇಗ ತಾಕುತ್ತದೆ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಇಂಥ ಮೆಕ್ಕೆಜೋಳ ಸೇರಿದ ಆಹಾರ ತಿಂದು ಅನೇಕ ನಾಯಿಗಳು ಸತ್ತವು. ಹುರಿದರೂ ಕುದಿಸಿದರೂ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ನೀವು ತಿನ್ನಲು ಹಿಂಜರಿಯುವ ಶೇಂಗಾವನ್ನು ನಾಯಿಗೂ ಕೊಡಬೇಡಿ.

ಎಷ್ಟು ಕೊಡಬೇಕು? ದಿನದ ಊಟದ ಹತ್ತನೆಯ ಒಂದು ಪಾಲು ಮೀರದಿರಲಿ ಎಂದು ಪಶುವೈದ್ಯರು ಹೇಳುತ್ತಾರೆ. 10 ಕಿಲೊ ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲೊರಿ ಬೇಕು, ತಿನಿಸಿನ ಪಾಲು 60. ಅಂದರೆ ಒಂದು ಜೋಳದ ರೊಟ್ಟಿಯ ಮೂರನೆಯ ಒಂದು ಭಾಗ. ನಾಲ್ಕೈದು ಗೋಲಿಗೆ ಲೆಕ್ಕ ಮುಗಿಯಿತು, ಬಾಲ ಎಷ್ಟೇ ಅಲ್ಲಾಡಲಿ.

ಹೊರಗಿಡಬೇಕಾದವನ್ನು ಬೇಗ ಹೇಳಿಬಿಡುತ್ತೇನೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೆ. ಹಾಗಾಗಿ ಶೇಂಗಾ ಚಟ್ನಿ ಬೇಡ, ಸಾಂಗಲಿಯ ಖಾರದ ಚುರುಮುರಿ ಭಡಂಗವಂತೂ ಬೇಡವೇ ಬೇಡ. ಚಾಕೊಲೇಟು ಬೇಡ. ಅಂಗಡಿಯ ಪೀನಟ್ ಬಟರ್ ಹಾಕುವವರು ಚೀಟಿಯಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದೆಯೇ ನೋಡಬೇಕು. ಅದು ನಾಯಿಯ ದೇಹದಲ್ಲಿ ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸುತ್ತದೆ.

ಮಣೂಕದ ಸಂಗತಿ

ಈ ಸೀಮೆಯಲ್ಲಿ ನಿಂತು ನಾಯಿಯ ತಿನಿಸಿನ ಬಗ್ಗೆ ಬರೆಯುವವರು ಒಂದನ್ನು ಮಾತ್ರ ಹಾಗೆ ಒಂದೇ ಸಾಲಿನಲ್ಲಿ ದಾಟುವಂತಿಲ್ಲ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಹತ್ತಿ ಬಂದ ಮೇಲೆ ಮಿರಜದ ಮೂಡಣ ಭಾಗ, ಕವಠೆ ಮಹಾಂಕಾಳ, ಜತ್ತಗಳ ಒಣಭೂಮಿಯಲ್ಲಿ ದ್ರಾಕ್ಷಿ ಚಪ್ಪರಗಳು ಹಬ್ಬಿವೆ. ತಾಸಗಾವ, ಸಾಂಗಲಿಗಳ ಒಣದ್ರಾಕ್ಷಿ ಮಾರುಕಟ್ಟೆ ದೇಶಕ್ಕೇ ದೊಡ್ಡದು, ಬೇದಾಣಾ ಎಂದು ಕರೆಯುವ ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆತ ನೀರಿನಲ್ಲಿ ಅದ್ದಿ ಮೇಲಿನ ಮೇಣದ ಪದರ ಸಡಿಲಿಸಿ, ನೆರಳಿನ ಶೆಡ್ಡುಗಳ ಬಲೆಗಳ ಮೇಲೆ ಎರಡು ವಾರದಷ್ಟು ಒಣಗಿಸುತ್ತಾರೆ. ನಾಲ್ಕು ಕಿಲೊ ದ್ರಾಕ್ಷಿಗೆ ಸುಮಾರು ಒಂದು ಕಿಲೊ ಮಣೂಕ, ಅಂದರೆ ಒಣದ್ರಾಕ್ಷಿ. ಮನೆಯಲ್ಲಿ ಡಬ್ಬಿಗಟ್ಟಲೆ ಇರುವ ಇದನ್ನು ಉಂಡಿಯ ನೆತ್ತಿಗೆ ಒತ್ತುವುದು ರೂಢಿ. ನಾಯಿಯ ಉಂಡಿಗೆ ಒತ್ತಿದರೆ ಅದರ ಮೂತ್ರಪಿಂಡ ಕೈಕೊಡಬಹುದು.

ಅಮೆರಿಕದ ಪ್ರಾಣಿ ವಿಷ ಮಾಹಿತಿ ಕೇಂದ್ರದ ವೈದ್ಯರು ಇದನ್ನು 2001ರಲ್ಲಿ ಪಶುವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳಿಗೆ ವಾಂತಿ, ಎರಡು ಮೂರು ದಿನದೊಳಗೆ ಮೂತ್ರ ಕಟ್ಟುವುದು, ಕೆಲವಕ್ಕೆ ಸಾವು. ಎಲ್ಲ ನಾಯಿಗೂ ಹಾಗಾಗುತ್ತಿರಲಿಲ್ಲ, ಅದೇ ಗೋಜಲು. ಒಂದು ನಾಯಿ ಬಟ್ಟಲುಗಟ್ಟಲೆ ತಿಂದು ಆರಾಮಾಗಿರುತ್ತಿತ್ತು, ಇನ್ನೊಂದು ಒಂದು ಹಿಡಿಗೇ ಮಲಗುತ್ತಿತ್ತು. ಕೀಟನಾಶಕವೋ, ಬೂಸ್ಟಿನ ವಿಷವೋ, ಲೋಹವೋ ಎಂದು ಇಪ್ಪತ್ತು ವರ್ಷ ಹುಡುಕಿದರು.

ಸುಳಿವು ಸಿಕ್ಕಿದ್ದು ಬೇರೆಲ್ಲೋ. ಮಕ್ಕಳು ಆಡಲೆಂದು ಮನೆಯಲ್ಲಿ ಕಲಸಿದ ಹಿಟ್ಟಿನ ಮುದ್ದೆ ತಿಂದ ನಾಯಿಗೂ ಮೂತ್ರಪಿಂಡ ಹೀಗೆಯೇ ಕೆಟ್ಟಿತು. ಆ ಮುದ್ದೆ ಒಣಗದಿರಲೆಂದು ಕ್ರೀಮ್ ಆಫ್ ಟಾರ್ಟರ್ ಹಾಕಿದ್ದರು. ಅದು ಟಾರ್ಟಾರಿಕ್ ಆಮ್ಲದ ಲವಣ, ದ್ರಾಕ್ಷಿಯ ಹುಳಿಯೂ ಮುಖ್ಯವಾಗಿ ಅದೇ ಆಮ್ಲದ್ದು. ತಳಿ, ಹವೆ, ಹಣ್ಣಿನ ಬಲಿತ ಮಟ್ಟಕ್ಕೆ ತಕ್ಕಂತೆ ಅದರ ಪ್ರಮಾಣ ಏರುಪೇರಾಗುತ್ತದೆ. ಒಂದು ನಾಯಿ ಬದುಕಿ ಇನ್ನೊಂದು ಸಾಯುವ ಒಗಟಿಗೂ ಇದು ಹೊಂದಿತು. 2021ರಲ್ಲಿ ಅದೇ ಕೇಂದ್ರದವರು ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಬರೆದರು. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇದೇ ಲಕ್ಷಣ ಕಂಡಿತ್ತು. ಹುಣಸೆಯ ತಿರುಳಿನಲ್ಲಿ ಈ ಆಮ್ಲ ನೂರಕ್ಕೆ 8ರಿಂದ 18 ಪಾಲು ಇರುತ್ತದೆ. ಸಾರು ಕಲಸಿದ ಅನ್ನವನ್ನು ನಾಯಿಗೆ ಹಾಕುವವರು ಇದನ್ನು ಗಮನಿಸಬೇಕು.

ನಮಗೆ ಆಗದ್ದು ನಾಯಿಗೆ ಏಕೆ? 1958ರಲ್ಲಿ ಒಂದು ಕಾಕರ್ ಸ್ಪ್ಯಾನಿಯಲ್ ಹೆಣ್ಣುನಾಯಿಯ ಮೂತ್ರಪಿಂಡದಿಂದ ತೆಗೆದ ಕೋಶಗಳ ಸಂತತಿ ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಕೋಶಗಳಿಗೆ ಟಾರ್ಟಾರಿಕ್ ಆಮ್ಲ ಕೊಟ್ಟಾಗ ಅವು ಹಾಳಾದವು, ಮನುಷ್ಯರ ಮೂತ್ರಪಿಂಡದ ಕೋಶಗಳಿಗೆ ಏನೂ ಆಗಲಿಲ್ಲ. ಆಮ್ಲವನ್ನು ರಕ್ತದಿಂದ ಕೋಶದೊಳಗೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನು ಇಬ್ಬರಲ್ಲೂ ಇದೆ. ಒಳಗೆ ಬಂದದ್ದನ್ನು ಮೂತ್ರಕ್ಕೆ ದಾಟಿಸುವ ಇನ್ನೊಂದು ಪ್ರೋಟೀನು ಮನುಷ್ಯರಲ್ಲಿದೆ, ನಾಯಿಯಲ್ಲಿಲ್ಲ. ಆಮ್ಲ ಕೋಶದಲ್ಲೇ ಕೂಡುತ್ತ ಹೋಗಿ ಅದನ್ನು ಕೊಲ್ಲುತ್ತದೆ. ಆ ಮಾನವ ಪ್ರೋಟೀನಿನ ವಂಶವಾಹಿಯನ್ನು ನಾಯಿಯ ಕೋಶಗಳಿಗೆ ಸೇರಿಸಿದಾಗ ಅವು ಬದುಕುಳಿದವು. ನಮ್ಮ ಜೊತೆ ಬಾಳಿದ ಸಾವಿರಾರು ವರ್ಷಗಳಲ್ಲಿ ನಾಯಿಯ ಮೇದೋಜೀರಕ ನಮ್ಮ ಊಟಕ್ಕೆ ಒಗ್ಗಿಕೊಂಡಿತು, ಏಕೆಂದರೆ ರೊಟ್ಟಿ ಅದಕ್ಕೆ ದಿನವೂ ಬೀಳುತ್ತಿತ್ತು. ದ್ರಾಕ್ಷಿ ಬೀಳುತ್ತಿರಲಿಲ್ಲ, ಮೂತ್ರಪಿಂಡ ತೋಳದ್ದಾಗಿಯೇ ಉಳಿದಿರಬೇಕು. ಟಾರ್ಟಾರಿಕ್ ಆಮ್ಲವೂ ಬೇಯಿಸಿದರೆ ಹೋಗುವಂಥದಲ್ಲ.

ದೇಹದ ತೂಕದ ಪ್ರತಿ ಕಿಲೊಗೆ ಸುಮಾರು 3 ಗ್ರಾಂ ಒಣದ್ರಾಕ್ಷಿಯಿಂದಲೇ ಹಾನಿಯಾದ ದಾಖಲೆಗಳಿವೆ. 10 ಕಿಲೊ ತೂಕದ ನಾಯಿಗೆ ಅದು 30 ಗ್ರಾಂ, ಮಗುವಿನ ಒಂದು ಹಿಡಿ. ಇಷ್ಟು ತಿಂದರೆ ಪರವಾಗಿಲ್ಲ ಎನ್ನುವ ಅಳತೆ ಯಾರೂ ಕೊಟ್ಟಿಲ್ಲ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕಾವಲಿಗೆ ನಾಯಿ ಕಟ್ಟುವವರು ನೆಲಕ್ಕೆ ಉದುರಿದ ಮಣೂಕ ಅದರ ಬಾಯಿಗೆ ಸಿಗದಂತೆ ದೂರ ಕಟ್ಟಲಿ. ನಾಯಿ ತಿಂದದ್ದು ಗೊತ್ತಾದರೆ ವಾಂತಿ ಆಗುವವರೆಗೆ ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಎಷ್ಟು ತಿಂದಿದೆ, ಯಾವ ಹೊತ್ತಿಗೆ ತಿಂದಿದೆ, ನಾಯಿಯ ತೂಕ ಎಷ್ಟು ಎಂಬ ಮೂರು ಸಂಗತಿ ಚೀಟಿಯಲ್ಲಿ ಬರೆದುಕೊಂಡು ಆ ಗಂಟೆಯಲ್ಲೇ ಪಶುವೈದ್ಯರ ಬಳಿ ಹೋಗಿ.